ದೋಣಿ ಬಂತಾ ಎಂದು ಕೇಳುವ ಫೋನು

ಸೆಪ್ಟೆಂಬರ್ ೧೦, ಮಂಗಳವಾರ

ದೀಪ ಹಚ್ಚಿ ಕೂತೆ. ಬೆಳಿಗ್ಗೆ ಅವರ್ಸಾ ಪೇಟೆಯಲ್ಲಿ ಮೀನು ಮಾರಿ ಬಂದರೆ ಅಂಗಳದಲ್ಲಿ ಒಬ್ಬಳು ಹುಡುಗಿ. ಪ್ರೇಕ್ಷಾ ಅಂತೆ. ಹುಬ್ಬಳ್ಳಿಯವಳು, ಕಾರವಾರದ ಲಾಡ್ಜಿನಲ್ಲಿ ಉಳಿದಿದ್ದಾಳೆ. ಅವಳ ಕಂಪನಿ ಮೀನುಗಾರರಿಗೆ ಆ್ಯಪ್ ಮಾಡುತ್ತಿದೆ. ಸಂಜೆ ಆರಕ್ಕೆ ಫೋನು ಕೇಳುತ್ತದೆ, ದೋಣಿ ಬಂತಾ? ಮನೆಯ ಹೆಂಗಸು ಒತ್ತಬೇಕು. ಒತ್ತಿದ್ದು ಕಾರವಾರದ ಆಫೀಸಿಗೆ ಕಾಣುತ್ತದೆ. ಬಟನ್ ಎರಡು. ಒಂದು ‘ಬಂತು’. ಇನ್ನೊಂದು ಅದರ ಉಲ್ಟಾ. ಅದನ್ನು ಒತ್ತಿದರೆ ಹುಡುಕುವ ಬೋಟು ಹೊರಡುತ್ತದೆ.

ಇವತ್ತು ಬರೀ ರಟ್ಟಿನ ಮೇಲೆ ಬರೆದ ಫೋನು. ನಾನು, ಮೈದುನ ದತ್ತಾನ ಹೆಂಡತಿ ದುರ್ಗಿ, ಪಕ್ಕದ ಮನೆ ದೇವಿ ಕೂತೆವು.

"ಇದು ನಿಮ್ಮ ಪರೀಕ್ಷೆ ಅಲ್ರಿ ಆಂಟಿ, ಆ್ಯಪಿನ ಪರೀಕ್ಷೆ. ಮನಸಿನ್ಯಾಗ ಬಂದಿದ್ದು ಬಾಯಿಬಿಟ್ಟು ಹೇಳ್ರಿ" ಅಂದಳು.

ದುರ್ಗಿ ನಕ್ಕಳು. "ಮನ್ಸಲ್ ಬಂದದ್ದೆಲ್ಲಾ ಬಾಯಲ್ ಹೇಳಿದ್ರೆ ಸಂಸಾರ ಮಾಡೂಕಾತದೇ ತಂಗೀ?"

ಆಮೇಲೆ ಆ ಹುಡುಗಿ, "ಈಗ ನಿಮ್ಮ ದೋಣಿ…" ಅಂತ ಆ ಶಬ್ದವನ್ನೇ ಹೇಳಿಬಿಟ್ಟಳು. "ಹಂಗಂತ ತಿಳ್ಕೋರಿ. ಏನು ಒತ್ತತೀರಿ?"

ಇವರು, ದತ್ತಾ ಇಬ್ಬರೂ ನೀರಿನ ಮೇಲೆ. ದೋಣಿ ನೀರಲ್ಲಿರುವಾಗ ನಮ್ಮ ಕೇರಿಯ ಹೆಂಗಸರು ಆ ಶಬ್ದ ಆಡುವುದಿಲ್ಲ. ‘ಬರ್ತಾ ಅದೆ’ ಅನ್ನಬೇಕು. ಅತ್ತೆ ಕಲಿಸಿದ್ದು. ಆಡಿದರೆ ಸಮುದ್ರ ಕೇಳಿಸಿಕೊಳ್ಳುತ್ತದೆ. ದುರ್ಗಿ ಕೈ ಒರೆಸಿಕೊಂಡು ಎದ್ದೇ ಹೋದಳು. ನಾನು ‘ಬಂತು’ ಒತ್ತಿದೆ. ದೇವಿಯೂ ಅದನ್ನೇ.

"ಕಷ್ಟ ಆತೇನ್ರಿ?"

"ಇಲ್ಲ. ಚಲೋ ಅದೆ."

ಮನೆಗೆ ಬಂದವರಿಗೆ ಮತ್ತೆ ಎಂತ ಹೇಳುವುದು. ಅವಲಕ್ಕಿ, ಚಾ ಕೊಟ್ಟು ಕಳಿಸಿದೆ.

ಸೆಪ್ಟೆಂಬರ್ ೧೬, ಸೋಮವಾರ

ಒಪ್ಪತ್ತು. ಪ್ರೇಕ್ಷಾ ಮತ್ತೆ ಬಂದಿದ್ದಳು. ನಮ್ಮ ಮನೆಯ ಆ್ಯಪನ್ನು ದುರ್ಗಿಯ ಫೋನಿಗೆ ಹಾಕಿದಳು.

"ಅವತ್ತು ಇಬ್ಬರೂ ತಪ್ಪು ಒತ್ತಿದ್ರಿ. ಆ ಬಟನ್ ಕಣ್ಣಿಗೆ ಬೀಳಲಿಲ್ಲ ಅನಸ್ತದ. ಈಗ ದೊಡ್ಡದು ಮಾಡೇವಿ."

ದೊಡ್ಡದೆಂದರೆ… ಅರ್ಧ ಫೋನು. ಕೆಂಪು. ದುರ್ಗಿ ನೋಡಿದ್ದೇ ಫೋನನ್ನು ಕವುಚಿ ಹಾಕಿದಳು.

ಹೀಗಲ್ಲ ತಂಗಿ ಎಂದು ಹೇಳಲು ಬಾಯಿವರೆಗೆ ಬಂತು. ಆದರೆ ಹೇಳಬೇಕೆಂದರೆ ಆ ಶಬ್ದವನ್ನೇ ಹೇಳಬೇಕು. ದೋಣಿ ನೀರಲ್ಲಿತ್ತು. ನುಂಗಿಕೊಂಡೆ.

ಸೆಪ್ಟೆಂಬರ್ ೧೯

ದುರ್ಗಿ ಆರಕ್ಕೆ ಸರಿಯಾಗಿ ‘ಬಂತು’ ಒತ್ತುತ್ತಾಳೆ. ದೋಣಿ ಕಾಣದಿದ್ದರೂ. "ಒತ್ತಿದ್ರೆ ಬೇಗ ಬತ್ತದೆ ಅಕ್ಕಾ" ಎಂದು ಫೋನನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಪ್ರಸಾದದ ಹೂವಿನ ಹಾಗೆ. ದೋಣಿ ಬಂದೂ ಬರುತ್ತದೆ. ಪ್ರೇಕ್ಷಾ ಫೋನು ಮಾಡಿ, ನಿಮ್ಮ ಮನೀ ಉತ್ತರ ದಿನಾ ಟೈಮಿಗೆ ಬರ್ತದ, ಖುಷಿ ಆತು ಅಂದಳು. ನನಗೆ ಆಗಲಿಲ್ಲ.

ಸೆಪ್ಟೆಂಬರ್ ೨೩, ಸಂಜೆ

ಮಧ್ಯಾಹ್ನದಿಂದ ಗಾಳಿ. ಉಳಿದ ದೋಣಿಗಳೆಲ್ಲ ದಡಕ್ಕೆ. ನಮ್ಮದು ‘ಬರ್ತಾ ಅದೆ’. ನಮ್ಮ ಕೇರಿಯ ಜಟ್ಟು ಬೇಲೆಕೇರಿ ಆಚೆ ಕಂಡಿದ್ದನಂತೆ. "ಬಲೆ ಎಳೂತ್ ಇದ್ರು. ಮತ್ತೆ ಮಳೆ ಮುಚ್ತು, ಕಾಣ್ಲಿಲ್ಲ." ಈ ಗಾಳಿಗೆ ಅವನ ದೋಣಿ ಹೊರಡುವ ಹಾಗಿಲ್ಲ.

ದುರ್ಗಿ ಆರಕ್ಕೇ ಒತ್ತಿದ್ದಾಳೆ. ‘ಬಂತು’.

ಅದೇ ದಿನ, ಏಳು ದಾಟಿದೆ

ಬರೆಯದೆ ಕೂರಲಾಗುವುದಿಲ್ಲ.

ನಾನೇ ಆಫೀಸಿಗೆ ಫೋನು ಮಾಡಿದೆ. ಅಲ್ಲಿಯವನು ದೋಣಿಯ ನಂಬರ್ ಕೇಳಿದ. "ನಮ್ಮ ಬೋರ್ಡಲ್ಲಿ ನಿಮ್ಮ ದೋಣಿ ಆಗ್ಲೇ ಬಂದಿದೆಯಲ್ಲಮ್ಮ."

"ಬರ್ತಾ ಅದೆ."

"ಬರ್ತಾ ಇದೆ ಅಂದ್ರೆ ಫೋನಲ್ಲಿ ಮಾತಾಡಿದ್ರಾ?"

"ಇಲ್ಲ. ಬರ್ತಾ ಅದೆ."

"ಅಮ್ಮ, ಬಂತಾ, ಬಂದಿಲ್ವಾ? ಒಂದು ಹೇಳಿ. ಗಾಳಿ ನೋಡಿ ಹೇಗಿದೆ, ಸುಮ್ಮನೆ ಬೋಟು ಕಳಿಸೋಕಾಗಲ್ಲ."

ದುರ್ಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಅಕ್ಕಾ, ಬೇಡ. ನಿನ್ನ ಕಾಲಿಗೆ ಬೀಳ್ತೆ. ಬಾಯಿ ಬಿಡ್ಬೇಡ."

ಅವಳ ಕೈ ತೆಗೆದೆ. ಕಾತ್ಯಾಯನಿ ತಾಯಿಯ ಪಟಕ್ಕೆ ಬೆನ್ನು ಮಾಡಿ ನಿಂತೆ.

"ಬಂದಿಲ್ಲ" ಅಂದೆ.

ಸೆಪ್ಟೆಂಬರ್ ೨೪

ಹುಡುಕುವ ಬೋಟಿನವರು ಎಳೆದುಕೊಂಡು ಬಂದರು, ಬೇಲೆಕೇರಿಗೆ. ಇಂಜಿನ್ನಿನ ನೀರೊಳಗಿನ ಫ್ಯಾನಿಗೆ ಬಲೆ ಸುತ್ತಿ ನಿಂತುಹೋಗಿತ್ತು. ಇಬ್ಬರೂ ಇದ್ದಾರೆ. ಇವರು ಗಂಜಿ ಉಂಡು ಮಲಗಿದರು. ದತ್ತಾನ ಕೈ ಮುರಿದಿದೆ.

"ನೀ ಹೇಳ್ದಿ. ಅವ್ರ ಕೈ ಮುರೀತು" ಅಂದಳು ದುರ್ಗಿ.

ಮುರಿದದ್ದು ಮಧ್ಯಾಹ್ನ, ಬಲೆ ಬಿಡಿಸುವಾಗ. ದತ್ತಾನೇ ಹೇಳಿದ. ಅವಳು ಕೇಳಲಿಲ್ಲ.

ಅಕ್ಟೋಬರ್ ೧೨, ಶನಿವಾರ

ದೋಣಿ ರಿಪೇರಿ ಆಗಿ ಇವತ್ತು ಪೂಜೆ. ಪ್ರತಿ ಸಲ ಕುಂಕುಮ ಹಚ್ಚುವವಳು ನಾನು, ಮನೆಯ ಹಿರಿಯ ಸೊಸೆ. ದುರ್ಗಿ ತಟ್ಟೆಯನ್ನು ನನ್ನ ಕೈಯಿಂದಲೇ ತೆಗೆದುಕೊಂಡಳು. "ನೀ ಹಿಂದೆ ನಿಲ್ಲು ಅಕ್ಕಾ." ಕೇರಿಯವರು ಎಲ್ಲ ಇದ್ದರು. ಇವರೂ ಇದ್ದರು. ಹಿಂದೆ ನಿಂತೆ.

ಮನೆಗೆ ಬಂದ ಮೇಲೆ ಇವರು, "ನೀ ಹೇಳ್ದೆ ಇದ್ರೆ ನಾ ಎಲ್ಲಿರ್ತಿದ್ದೆ" ಅಂದರು. ಬಾಗಿಲು ಹಾಕಿಕೊಂಡು. ದಡದಲ್ಲಿ ಅನ್ನಬಹುದಿತ್ತು.

ಅಕ್ಟೋಬರ್ ೧೬

ಪ್ರೇಕ್ಷಾ ಬಂದಳು. ದೋಣಿ ಮರಳಿನ ಮೇಲಿತ್ತು, ಹಾಗಾಗಿ ಎಲ್ಲ ಹೇಳಿದೆ. ಬರೆಯುತ್ತಿದ್ದವಳು ಪೆನ್ನು ಇಟ್ಟಳು.

"ಮೊದಲ ಯಾಕ ಹೇಳಲಿಲ್ರಿ ಆಂಟಿ?"

"ಆಗ ದೋಣಿ ನೀರಲ್ಲಿತ್ತು ತಂಗೀ."

ಬಟನ್ ಬದಲಾಯಿಸಲು ಮೇಲಿನವರು ಒಪ್ಪಬೇಕಂತೆ, ತಡ ಆಗುತ್ತದಂತೆ. ಅಲ್ಲಿಯವರೆಗೆ ಹೇಗೆ ಎಂದು ಅವಳಿಗೂ ಗೊತ್ತಿಲ್ಲ. ಹೋಗುವಾಗ ನನ್ನ ಕಾಲು ಮುಟ್ಟಿದಳು. ಈ ಕೇರಿಯಲ್ಲಿ ಈಗ ಅಷ್ಟು ಹತ್ತಿರ ಬರುವವಳು ಅವಳೊಬ್ಬಳೇ.

ನವೆಂಬರ್ ೪, ಸೋಮವಾರ

ಹೊಸ ರೂಢಿ ಶುರುವಾಗಿದೆ. ಸಂಜೆ ದೋಣಿ ತಡವಾದರೆ ಹೆಂಗಸರು ಫೋನು ತಂದು ನನ್ನ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾರೆ. ಒಳಗೆ ಬರುವುದಿಲ್ಲ.

"ನಮ್ದೂ ನೀನೇ ನೋಡ್ಕ ಹೊನ್ನಕ್ಕಾ. ನಿನ್ನ ಬಾಯಲ್ ಹೆಂಗೂ ಆ ಶಬ್ದ ಬಂದಾಯ್ತಲ" ಎಂದು ದೇವಿ ನಕ್ಕಳು. ನಾನೂ ನಕ್ಕೆ. ಅವಳ ಮನೆಯ ಅರಿಸಿನ ಕುಂಕುಮಕ್ಕೆ ಮಾತ್ರ ನನ್ನನ್ನು ಕರೆಯಲಿಲ್ಲ.

ಇಲ್ಲಿವರೆಗೆ ಎಲ್ಲ ‘ಬಂತು’. ದೇವರ ದಯೆ.

ಫೋನಿನಲ್ಲಿ ಪ್ರೇಕ್ಷಾಳಿಗೆ ಹೇಳಿದೆ. ಛಲೋ ಆತಲ್ರಿ, ಕೇರಿಗೊಬ್ಬರು ಜವಾಬ್ದಾರಿ ತಗೊಂಡಂಗಾತು ಅಂದಳು. ಆಮೇಲೆ ದನಿ ಇಳಿಸಿ, "ನಿಮಗ ಹೆಂಗ ಅನಸ್ತದ?" ಎಂದು ಕೇಳಿದಳು. ಚಲೋ ಅದೆ ಅಂದೆ.

ನವೆಂಬರ್ ೮, ಶುಕ್ರವಾರ, ಸಂಜೆ

ಸಂಜೆಯಾದ ಮೇಲೆ ಗಾಳಿ ತಿರುಗಿದೆ. ಇವರು ಮನೆಯಲ್ಲೇ ಇದ್ದಾರೆ, ಜ್ವರ. ದೇವಿ ಬಂದಿದ್ದಾಳೆ. ಫೋನನ್ನು ಮೆಟ್ಟಿಲ ಮೇಲೆ ಇಡಲಿಲ್ಲ. ಒಳಗೇ ಬಂದಳು. ನನ್ನ ಕೈಗೇ ಕೊಟ್ಟಳು. ಗೋಡೆ ಹಿಡಿದು ನಿಂತಿದ್ದಾಳೆ. ಅವಳ ಗಂಡ ಕಿಶನ ಒಬ್ಬನೇ ಹೋದದ್ದು. "ಇನ್ನೂ ಸ್ವಲ್ಪ ನೋಡ್ವಾ" ಅಂದೆ. ತಲೆ ಅಲ್ಲಾಡಿಸಿದಳು, ಬೇಡ ಎಂದು.

ಅವಳು ಹೇಳಲಾರಳು. ನಾನೂ ಕೇಳುವುದಿಲ್ಲ. ಕನ್ನಡಕ ಹಾಕಿಕೊಂಡೆ. ಅರ್ಧ ಫೋನು ಕೆಂಪು. ತಾಯೀ, ದೋಷ ನನ್ನ ಬಾಯಿಗೇ ಬರಲಿ, ಅವನ ದೋಣಿಗೆ ಬೇಡ. ಒತ್ತಿದೆ.