ಎದುರು ಕುರ್ಚಿಯ ಕರಡಿ

ನಾನ್‌ಆನ್, ಚೊಂಗ್‌ಚಿಂಗ್
೧೧ ಡಿಸೆಂಬರ್ ೨೦೧೬, ಭಾನುವಾರ

ಪ್ರೀತಿಯ ಯೊಂಗ್‌ಫು,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೆ? ಟೊರೊಂಟೊದಲ್ಲಿ ಆಗಲೇ ಹಿಮ ಬೀಳುತ್ತಿದೆಯಂತೆ. ದಪ್ಪ ಅಟ್ಟೆಯ ಬೂಟು ಕೊಂಡೆಯೋ, ಇನ್ನೂ "ನಾಳೆ ಕೊಳ್ತೀನಿ" ಎನ್ನುತ್ತಲೇ ಇದ್ದೀಯೋ? ನಿನ್ನ ನಾಳೆಗಳು ನನಗೆ ಗೊತ್ತು. ಅಡುಗೆಮನೆಯ ಬಲ್ಬು ಬದಲಾಯಿಸುವುದಕ್ಕೇ ನಿನಗೆ ಒಂದು ಇಡೀ ಚಳಿಗಾಲ ಬೇಕಾಗಿತ್ತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಗೆ ಮಂಡಿ ಹಿಡಿದುಕೊಳ್ಳುತ್ತದೆ, ಆದರೂ ಮೆಟ್ಟಿಲಿಳಿದು ಚಹಾದಂಗಡಿಗೆ ಹೋಗಿ ಇಸ್ಪೀಟು ಆಡುವುದನ್ನು ಬಿಟ್ಟಿಲ್ಲ. ಮಗಳು ಚೆಂಗ್ಡುವಿನಿಂದ ಆಗಾಗ ಫೋನ್ ಮಾಡುತ್ತಾಳೆ. ಹೊಸ ವರ್ಷದ ಹಬ್ಬಕ್ಕೆಂದು ಮಾಂಸ ಕೊಚ್ಚಿ, ಖಾರ ಕಲಸಿ, ಕರುಳಿಗೆ ತುಂಬಿ ಬಾಲ್ಕನಿಯಲ್ಲಿ ನೇತುಹಾಕಿದ್ದೇವೆ. ನಾಳೆ ಅಲ್ಲಿಗೆ ಹೊರಟಿರುವ ನಿಮ್ಮ ಕಂಪನಿಯ ಪಾನ್ ಕೈಯಲ್ಲಿ ಒಂದಿಷ್ಟು ಕಳಿಸೋಣವೆಂದಿದ್ದೆ. ಮಾಂಸವನ್ನು ಆ ದೇಶದೊಳಕ್ಕೆ ಬಿಡುವುದಿಲ್ಲವಂತೆ. ಹಾಗಾಗಿ ನಿನ್ನ ಪಾಲಿಗೆ ಈ ಕಾಗದ ಮತ್ತು ಒಂದು ಉಣ್ಣೆಯ ಬನಿಯನ್.

ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡ. ನೀನು ಫೋನ್ ಮಾಡುವುದು ಹೋಟೆಲಿನ ಅಡುಗೆಮನೆಯಿಂದ. ನನಗೆ ಕಾಣುವುದು ಅರ್ಧ ಹಬೆ, ಅರ್ಧ ನಿನ್ನ ಗಲ್ಲ. ಹಿಂದೆ ನಾಲ್ಕು ಜನ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾರೆ. ಹೋದ ವಾರ ಅಂಥ ಗದ್ದಲದ ನಡುವೆಯೇ ನೀನು ಆ ದೊಡ್ಡ ಮಾತು ಹೇಳಿದೆ. ಹೊರದೇಶದಲ್ಲಿ ಕಂಪನಿ ತೆರೆದ ಮೊದಲ ಶಾಖೆ ಚೆನ್ನಾಗಿ ನಡೆದಿದೆ, ಇನ್ನೂ ಮೂರು ವರ್ಷ ಇರಿ, ಎರಡನೆಯದನ್ನೂ ನೀವೇ ಶುರು ಮಾಡಿಕೊಡಿ ಎಂದು ಕೇಳುತ್ತಿದ್ದಾರೆ, ಹಬ್ಬದೊಳಗೆ ಸಹಿ ಹಾಕಬೇಕು ಎಂದೆ. ಆಮೇಲೆ ಎಂದಿನಂತೆ ಬಾಣಲೆಯನ್ನು ನನ್ನ ಕೈಗೆ ದಾಟಿಸಿದೆ: "ನೀನೇನಂತೀಯೋ ಅದೇ." ನಮ್ಮೂರ ಗಂಡಸರಿಗೆ ಮೆತ್ತನೆ ಕಿವಿಯವರೆಂದು ಲೋಕವೇ ಹೆಸರಿಟ್ಟಿದೆ. ಹೆಂಡತಿ ಎಳೆದತ್ತ ಬಾಗುವ ಕಿವಿ. ಅಷ್ಟು ದೂರ ಹೋದರೂ ನಿನ್ನ ಕಿವಿ ಗಟ್ಟಿಯಾಗಲಿಲ್ಲವಲ್ಲ ಮಾರಾಯ. ಉತ್ತರ ಕೊಡುತ್ತೇನೆ, ಸ್ವಲ್ಪ ತಡೆ.

ಮೊದಲು ಅತ್ತೆಯ ವಿಷಯ. ಆ ಶಾಖೆ ತೆರೆದ ದಿನ ನೀನು ಕೆಂಪು ಪಟ್ಟಿ ಕತ್ತರಿಸುವ ಫೋಟೊ ಕಳಿಸಿದ್ದೆಯಲ್ಲ, ಅದನ್ನು ದೊಡ್ಡದು ಮಾಡಿಸಿ ಚೀಲದಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಇಸ್ಪೀಟೆಲೆ ಹಂಚುವ ಮೊದಲು ಫೋಟೊ ಹಂಚುತ್ತಾರೆ. "ನನ್ನ ಮಗ ಕಡಲಾಚೆ ಒಲೆ ಹಚ್ಚಿದಾನೆ. ಬಿಳೀ ಜನ ಕಣ್ಣಲ್ಲಿ ನೀರು ಸುರಿಸ್ಕೊಂಡು ಬೋಟಿ ತಿಂತಾರೆ" ಎಂದು ಶುರು ಮಾಡಿದರೆ ಆಟ ನಿಂತ ಹಾಗೆಯೇ. ನೀನು ಅಲ್ಲಿ ಖಾರವೇ ಇಲ್ಲದ ಟೊಮೆಟೊ ಸಾರೂ ಕುದಿಸುತ್ತೀಯ, ಅರ್ಧಕ್ಕರ್ಧ ಜನ ಅದನ್ನೇ ಕೇಳುತ್ತಾರೆ ಎಂಬುದನ್ನು ನಾನು ಅವರಿಗೆ ಹೇಳಿಲ್ಲ. ಇಳಿವಯಸ್ಸಿನಲ್ಲಿ ಆ ನೋವೇಕೆ? ಎದುರು ಮನೆಯಾಕೆ ಒಮ್ಮೆ, ಮಗ ಅಲ್ಲೇ ಉಳಿದುಬಿಟ್ಟರೆ ಏನು ಮಾಡುತ್ತೀರಿ ಎಂದು ಕೆಣಕಿದಳು. ಉಳಿದರೇನು, ಇಡೀ ಊರಿಗೇ ಹೆಸರು ಎಂದರು ಅತ್ತೆ. ನಾನು ಪಕ್ಕದಲ್ಲೇ ಇದ್ದೆ, ನಕ್ಕೆ.

ನಿನ್ನ ಹುಟ್ಟುಹಬ್ಬದ ದಿನ ನೀನು ಇಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಹಾಟ್‌ಪಾಟ್ ಶಾಖೆಗೆ ಹೋಗಿದ್ದೆ. ಮನೆಯಲ್ಲಿ ಹೇಳದೆ, ಒಬ್ಬಳೇ. ಬಡಿಸುವವಳು ಹೊಸಬಳು, ನಾನು ಯಾರೆಂದು ತಿಳಿಯದು. ಕಿಟಕಿ ಪಕ್ಕದ ಮೇಜಿಗೆ ಕರೆದೊಯ್ದು, ಮೇಜಿನ ನಡುವಿನ ಒಲೆ ಹಚ್ಚಿ, ಕೆಂಪು ಸಾರಿನ ಪಾತ್ರೆಯಿಟ್ಟು, ಸರಸರನೆ ಹೋಗಿ ಒಂದು ದೊಡ್ಡ ಕರಡಿ ಗೊಂಬೆಯನ್ನು ಹೊತ್ತು ತಂದು ನನ್ನೆದುರಿನ ಕುರ್ಚಿಯಲ್ಲಿ ಕೂರಿಸಿದಳು. ಅದಕ್ಕೊಂದು ಬಟ್ಟಲು, ಒಂದು ಜೊತೆ ಊಟದ ಕಡ್ಡಿ. ಒಬ್ಬರೇ ಬಂದವರಿಗೆ ಬೇಜಾರಾಗಬಾರದು ಎಂದು ಈ ಪದ್ಧತಿ ತಂದ ಪುಣ್ಯಾತ್ಮ ನೀನೇ. ಆಗ ನಾನು, ಗೊಂಬೆ ನೋಡಿದರೆ ಬೇಜಾರು ಇಮ್ಮಡಿಯಾಗುತ್ತದೆ ಎಂದಿದ್ದೆ. ನೀನು, ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದಿದ್ದೆ. ತೆಗೆದುಕೊಂಡು ಹೋಗು ಎನ್ನಲು ಬಾಯಿ ತೆರೆದೆ. "ಇರ್ಲಿ ಆಂಟಿ, ಜೊತೆಗಿರತ್ತೆ" ಎಂದು ಆಕೆ ಎಷ್ಟು ಅಕ್ಕರೆಯಿಂದ ಹೇಳಿದಳೆಂದರೆ, ಇರಲಿ ಎಂದು ಬೋಟಿ ತರಲು ಹೇಳಿದೆ.

ನಾಚಿಕೆಗೇಡಿನ ಸಂಗತಿ ಮುಂದಿದೆ. ಸಾರು ಉಕ್ಕಿತು, ಬೋಟಿಯನ್ನು ಕಡ್ಡಿಯಲ್ಲಿ ಹಿಡಿದು ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ, ಅಂಚು ಮುದುರಿದ್ದೇ ತಡ ಎದುರಿನ ಬಟ್ಟಲಿಗೆ ಹಾಕಿಬಿಟ್ಟೆ. ಇಷ್ಟು ವರ್ಷ ಮೊದಲ ತುಣುಕು ನಿನಗೇ ಹಾಕಿದ ಕೈ ಅಲ್ಲವೆ, ಅದಕ್ಕೇನು ಗೊತ್ತು? ಎರಡನೆಯದನ್ನೂ ಹಾಕಿದೆ. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕಾಗಲೇ ಎಚ್ಚರವಾದದ್ದು. ನಾನೂ ನಕ್ಕೆ. ಕರಡಿಯ ಬಟ್ಟಲಿನಿಂದ ತೆಗೆದು ನಾನೇ ತಿಂದೆ. ಕಣ್ಣಲ್ಲಿ ನೀರು ಬಂದರೆ ಖಾರವೆನ್ನಬಹುದು, ಹಾಟ್‌ಪಾಟ್ ಹೋಟೆಲಿನಲ್ಲಿ ಅದೊಂದು ಅನುಕೂಲ.

ಅಲ್ಲಿ ಕೂತಾಗ ನೀನು ಹೇಳಿದ ಟೊರೊಂಟೊದ ಆ ಮುದುಕನ ನೆನಪಾಯಿತು. ಅಲ್ಲಿನ ಗಿರಾಕಿಗಳಿಗೆ ಈ ಗೊಂಬೆಯ ಪದ್ಧತಿ ತಿಳಿಯದು; ಹೆಂಡತಿ ಸತ್ತು ವರ್ಷವೂ ತುಂಬದ ಆ ಮನುಷ್ಯನ ಎದುರು ನಿಮ್ಮವರು ಕರಡಿ ಕೂರಿಸಿ, ಅವನು ಕೋಟು ಎತ್ತಿಕೊಂಡು ಹೊರಟನಂತಲ್ಲ. ನೀನು ಓಡಿ ಹೋಗಿ ಅವನನ್ನು ಕರೆತಂದು, ಗೊಂಬೆಯನ್ನು ಒಳಗೆ ಕಳಿಸಿ, ಆ ಕುರ್ಚಿಯಲ್ಲಿ ನೀನೇ ಕೂತು ಅವನ ಜೊತೆ ಉಂಡೆಯಂತೆ. ಈಗ ವಾರವಾರ ಬರುತ್ತಾನೆ, ನೀನು ಕೂತರೇ ತಿನ್ನುತ್ತಾನೆ ಎಂದು ಸಂಭ್ರಮದಿಂದ ಹೇಳಿದೆ. ನಾನು "ಒಳ್ಳೇದು ಮಾಡ್ದೆ" ಎಂದೆ. ಮಾಡಿದ್ದು ಒಳ್ಳೆಯದೇ. ಆದರೆ ಫೋನ್ ಇಟ್ಟ ಮೇಲೆ ಹೊಟ್ಟೆ ಉರಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈದುಕೊಂಡೆ. ಯಾರೋ ಗೊತ್ತಿಲ್ಲದ ಮುದುಕನ ಮೇಲೆ ಹೆಂಗಸೊಬ್ಬಳು ಹೀಗೆ ಹೊಟ್ಟೆಕಿಚ್ಚು ಪಡುವುದುಂಟೆ?

ಇನ್ನೊಂದು ಪೆದ್ದು ಕೆಲಸ. ಹೋದ ತಿಂಗಳು ಅಪರೂಪಕ್ಕೆ ಬಿಸಿಲು ಬಂತು. ಊರಿನವರೆಲ್ಲ ಹಾಸಿಗೆ ಒಣಗಿಸಲು ಓಡಿದರು, ನಾನೂ ಕೈಗೆ ಸಿಕ್ಕಿದ್ದನ್ನೆಲ್ಲ ಒಗೆದೆ. ಬಾಗಿಲ ಹಿಂದೆ ನೇತಾಡುತ್ತಿದ್ದ ನಿನ್ನ ನೀಲಿ ಕೋಟನ್ನೂ. ಅದರ ದನದ ಕೊಬ್ಬು, ಹುರಿದ ಮೆಣಸಿನಕಾಯಿಯ ಘಾಟಿಗೆ ಎಷ್ಟು ಸಲ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಜಗಳವಾಡಿದ್ದೇನೆ! ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡಿದರೆ ಬರೀ ಸೋಪಿನ ವಾಸನೆ. ಅಲ್ಲೇ ಬಾಲ್ಕನಿಯಲ್ಲಿ ಕುಕ್ಕರಿಸಿದೆ. ಒಗೆದವಳು ನಾನೇ, ಯಾರ ಮೇಲೆ ಕೂಗಾಡಲಿ? ನಿನ್ನ ನೆನಪು ನನಗೆ ಬಹಳ ಆಗುತ್ತದೆ, ಯೊಂಗ್‌ಫು. ಇದನ್ನು ಹಬೆಯ ನಡುವೆ, ನಾಲ್ಕು ಜನರ ಮುಂದೆ ಹೇಳಲಾರೆ.

ಆದರೂ ನನ್ನ ಉತ್ತರ ಇದು: ಸಹಿ ಹಾಕು. ಬೇಸಿಗೆಯ ಧಗೆಯಲ್ಲಿ ಬರಿಮೈಯಲ್ಲಿ ನಿಂತು ಮಸಾಲೆ ತಿರುವಿ ನೀನು ಗಳಿಸಿದ ಹೆಸರು ಅದು. ನನ್ನ ಸಂಕಟಕ್ಕೆ ಅದನ್ನು ಅರ್ಧಕ್ಕೆ ಬಿಟ್ಟು ಬಾ ಎಂದರೆ ನಾಳೆ ನಿನ್ನ ಮುಖ ನೋಡುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಅತ್ತೆ ಆ ಫೋಟೊದ ಮೇಲೆಯೇ ಜೀವ ಹಿಡಿದಿದ್ದಾರೆ. ಮಗ ಕೆಲಸ ಬಿಟ್ಟು ಬಂದನಂತೆ ಎಂದು ಚಹಾದಂಗಡಿಯಲ್ಲಿ ನಾಲ್ಕು ಜನ ಆಡಿಕೊಂಡರೆ ಅವರು ತಡೆದುಕೊಳ್ಳಲಾರರು. ಇನ್ನು ಮೂರು ವರ್ಷ ಹೇಗೋ ಕಳೆಯುತ್ತದೆ.

ಊಟ ತಪ್ಪಿಸಬೇಡ. ರಾತ್ರಿ ಮಲಗುವಾಗ ಸೊಂಟಕ್ಕೆ ಶಾಖ ಕೊಟ್ಟುಕೋ. ಅತ್ತೆ ನಿನಗೆ ನೂರು ವರ್ಷ ಆಯಸ್ಸು ಹಾರೈಸಿದ್ದಾರೆ, ಮಗಳು ಅಪ್ಪನಿಗೆ ನೆನಪು ಹೇಳಿದ್ದಾಳೆ. ನಿನ್ನ ಮೈಗೆ, ನಿನ್ನ ಒಲೆಗೆ ಒಳ್ಳೆಯದಾಗಲಿ.

ನಿನ್ನ,
ಸುಫೆನ್

ಮರೆತಿದ್ದು: ಪಾನ್ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಅತ್ತೆ ಬಂದು, ಅವನಿಗೆ ಬಾ ಅಂತ ಬರೆದೆಯಾ ಎಂದು ಕೇಳಿದರು. ಇಲ್ಲ ಅತ್ತೆ, ನಿಮ್ಮ ಇಷ್ಟದ ಹಾಗೆ ಇನ್ನೂ ಮೂರು ವರ್ಷ ಅಲ್ಲೇ ಇರು ಅಂತ ಬರೆದೆ ಎಂದೆ. "ನನ್ನಿಷ್ಟಾನಾ? ನಿನ್ನ ಮುಖ ಬಾಡ್ದೇ ಇರ್ಲಿ ಅಂತ ಊರ್ತುಂಬ ಹೊಗಳ್ಕೊಂಡು ತಿರುಗ್ದೆ ಕಣೇ. ಮೂರು ವರ್ಷ ಅಂದ್ರೆ ನನ್ನ ಹತ್ರ ಇದ್ಯೋ ಇಲ್ವೋ" ಎಂದರು. ಅವರು ಅತ್ತದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ಹೊಸ ಕಾಗದ ಬರೆಯಲು ಪುರುಸೊತ್ತಿಲ್ಲ. ಮೇಲೆ ಉತ್ತರವೆಂದು ಬರೆದದ್ದನ್ನು ಹೊಡೆದುಹಾಕು. ಅತ್ತೆಯ ಮಾತೂ ಇದೇ, ನನ್ನ ಮಾತೂ ಇದೇ: ಸಹಿ ಹಾಕಬೇಡ. ಮನೆಗೆ ಬಾ.