ಸದ್ದಿಲ್ಲದ ಫ್ರಿಜ್ಜು

ಓನರ್ ಆಂಟಿಗೆ ನಮಸ್ಕಾರ.

ನಾನು ಊರಲ್ಲಿಲ್ಲದಾಗ ಹೊಸ ಫ್ರಿಜ್ಜು ತರಿಸಿಟ್ಟಿದ್ದೀರಿ. ದೊಡ್ಡ ಉಪಕಾರ. ಅವತ್ತು ನಾನು ಮಾಡಿದ ಸಂಗೀತದ ಆಲ್ಬಮ್ ಕೇಳಿ ನೀವು, "ಹಾಡೆಲ್ಲಿದೆಯಮ್ಮ? ಬರೀ ಫ್ರಿಜ್ಜು ಗುಂಯ್ ಅಂತಿದೆ. ಪಾಪ, ಅದೇ ಎಲ್ಲಾ ಕೆಡಿಸಿದೆ" ಎಂದಾಗ ನಾನು ನಕ್ಕು ಸುಮ್ಮನಾಗಬಾರದಿತ್ತು. ಆ ಗುಂಯ್ ಎನ್ನುವುದೇ ಹಾಡು, ಆಂಟಿ. ಹಳೆಯ ಫ್ರಿಜ್ಜಿನ ಸದ್ದನ್ನೇ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಎಳೆದು, ತಗ್ಗಿಸಿ, ದೀಪ ಹಚ್ಚದ ಕೋಣೆಯ ಹಾಗೆ ಆಲ್ಬಮ್ ಪೂರ್ತಿ ಹರಡಿದ್ದೇನೆ.

ಇವರು ಬಿಟ್ಟುಹೋದ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಅದೊಂದೇ. ಹೊಸದು ಉಸಿರೇ ಬಿಡುವುದಿಲ್ಲ.

ಹಳೆಯದನ್ನು ಗುಜರಿಗೆ ಹಾಕಿರದಿದ್ದರೆ ದಯವಿಟ್ಟು ಮೇಲಕ್ಕೆ ಕಳುಹಿಸಿ. ಹೊಸದನ್ನು ನೀವೇ ಇಟ್ಟುಕೊಳ್ಳಿ. ಹಳೆಯದು ತಣ್ಣಗೆ ಮಾಡದಿದ್ದರೂ ಪರವಾಗಿಲ್ಲ. ಮಿಕ್ಕಿ ಎತ್ತಿಡುವಷ್ಟು ಅಡುಗೆ ನಾನೀಗ ಮಾಡುವುದೇ ಇಲ್ಲ.

ಇಂತಿ,
ನಿಮ್ಮ ಮಹಡಿಯವಳು