ಅಪ್ಪನ ಕೂಗು

ನವೆಂಬರ್ 2, ಭಾನುವಾರ

ಈ ವಾರದ ‘ಕೇರಿ ಸುದ್ದಿ’ ಹೋಯಿತು. ಮೂರು ಸಲ ರೆಕಾರ್ಡ್ ಮಾಡಬೇಕಾಯಿತು — ಎದುರು ಮನೆಯ ಹುಂಜಕ್ಕೆ ನಾನು ‘ನಮಸ್ಕಾರ’ ಅನ್ನುವಾಗಲೇ ಗಂಟಲು ಬರುತ್ತದೆ. ಕೊನೆಗೆ ಇರಲಿ ಬಿಡು ಅಂತ ಹಾಗೇ ಕಳಿಸಿದೆ. ಅದೂ ಕೇರಿಯದೇ ತಾನೆ.

ಸುದ್ದಿ ಏನೇನು: ಬೋರ್‌ವೆಲ್ ಮೋಟಾರ್ ರಿಪೇರಿ ಆಗಿದೆ. ಹಗರೆ ಕಾಲೊನಿಯ ಹುಡುಗಿ ಪೊಲೀಸ್ ಸೆಲೆಕ್ಷನ್ ಪಾಸು — ಅವಳೇ ಮಾತಾಡಿದಳು, ಅರ್ಧ ನಗುವೇ. ಅರೇಹಳ್ಳಿ ಎಸ್ಟೇಟಿನ ಹೆಂಗಸರು ಕುಡಿಯುವ ನೀರಿನ ಡ್ರಮ್ಮು ಕೇಳಿ ತರಿಸಿಕೊಂಡಿದ್ದಾರೆ. ಐದು ಜನ ಒಟ್ಟಿಗೆ ಹೇಳಿದರು, ಒಂದಕ್ಷರ ಅರ್ಥವಾಗಲಿಲ್ಲ, ಕೇಳಲು ಬಲು ಚೆಂದ.

ನನ್ನದು ಒಂದೇ ರೂಲ್. ಯಾರ ಸುದ್ದಿಯೋ ಅವರದೇ ಬಾಯಿ. ಹಾಸನದ ಪೇಪರಿಗೂ ಬರೆಯುತ್ತೇನೆ, ಅರೆಕಾಲಿಕ ವರದಿಗಾರ್ತಿ. ಅದರಲ್ಲಿ ನಮ್ಮ ಕೇರಿ ಬರುವುದು ಎರಡೇ ಸಲ: ಏಟು ತಿಂದಾಗ, ಇಲ್ಲ ಏಪ್ರಿಲ್ ಹದಿನಾಲ್ಕಕ್ಕೆ. ನಡುವೆ ನಾವು ಉಣ್ಣುವುದು, ನಗುವುದು, ಜಗಳವಾಡುವುದು ಯಾರಿಗೂ ಸುದ್ದಿಯಲ್ಲ. ಅದಕ್ಕೇ ಈ ವಾಟ್ಸಾಪ್ ಬುಲೆಟಿನ್.

ಕೇರಿಯಲ್ಲಿ ಎಲ್ಲರೂ ಇದರಲ್ಲಿ ಮಾತಾಡಿಯಾಯಿತು, ನಮ್ಮಪ್ಪನೊಬ್ಬನನ್ನು ಬಿಟ್ಟು. ಗಿಡ್ಡಪ್ಪ ಅಂದರೆ ಕಡಿಮೆ ಮಾತಿನವನು ಅಂತ ಊರಿಗೇ ಗೊತ್ತು. ಈಗಂತೂ ಗಂಟಲು ಕಟ್ಟಿದ್ದು ಬಿಡುತ್ತಲೇ ಇಲ್ಲ. ಮೆಣಸಿನ ಕಷಾಯ ಆಯಿತು, ಮಾತ್ರೆ ಆಯಿತು. ಹಾಸನದಲ್ಲಿ ಟೆಸ್ಟೂ ಆಯಿತು, ಬುಧವಾರ ರಿಪೋರ್ಟು.

ನವೆಂಬರ್ 5, ಬುಧವಾರ

ಗಡ್ಡೆ.

ಡಾಕ್ಟರು ಒಳ್ಳೆಯವರು. ಚಿತ್ರ ಬರೆದು ತೋರಿಸಿದರು. “ಜೀವಕ್ಕೇನೂ ಭಯ ಬೇಡಮ್ಮ, ಬೇಗ ಬಂದಿದ್ದೀರ. ಆದ್ರೆ ಧ್ವನಿಪೆಟ್ಟಿಗೆ ತೆಗೀಲೇಬೇಕು. ದನಿ ಹೋಗುತ್ತೆ.” ಡಿಸೆಂಬರ್ ಮೂರಕ್ಕೆ ಆಪರೇಷನ್.

ಅಪ್ಪ ತಲೆ ಆಡಿಸಿದ. “ಅಷ್ಟೇ ತಾನೆ?” ಅಂದ. ಹೊರಗೆ ಬಂದು ಚುರುಮುರಿ ಕೊಡಿಸಿದ, ನಾನು ಸ್ಕೂಲ್ ಹುಡುಗಿಯೇನೋ ಎಂಬಂತೆ.

ಬಸ್ಸಿನಲ್ಲಿ ಫೋನೆಲ್ಲ ಜಾಲಾಡಿದೆ. ಅಪ್ಪನ ದನಿ ಎಲ್ಲೂ ಇಲ್ಲ. ಕಾಲ್ ಮಾಡಿದರೂ ಹೂಂ, ಸರಿ, ಇಷ್ಟೇ. ತಾಲ್ಲೂಕಿನವರದೆಲ್ಲ ದನಿ ಹಿಡಿದಿಟ್ಟಿದ್ದೇನೆ, ಹುಂಜದ್ದೂ ಇದೆ. ಹೆತ್ತ ಅಪ್ಪನದಿಲ್ಲ. ದೀಪದ ಬುಡದಲ್ಲೇ ಕತ್ತಲು.

ಮೂರನೇ ತಾರೀಖಿನೊಳಗೆ ಹೇಗಾದರೂ ಮಾತಾಡಿಸಬೇಕು. ಏನನ್ನಾದರೂ. ಎಮ್ಮೆಯ ವಿಷಯವಾದರೂ ಸರಿ.

ನವೆಂಬರ್ 9, ಭಾನುವಾರ

ಫೋನ್ ಮುಂದಿಟ್ಟು ಕೂತೆ. ಅಪ್ಪ ಅದನ್ನು ನಿಧಾನವಾಗಿ ಬೋರಲು ಹಾಕಿದ.

“ಬ್ಯಾಡ ಕಣವ್ವ. ನನ್ ದನಿ ಒಳ್ಳೇದಲ್ಲ.”

“ಗಂಟಲು ನೋವು ಅಷ್ಟೇ ಅಲ್ವೇನಪ್ಪ? ಮೆತ್ತಗೆ ಮಾತಾಡು.”

“ಗಂಟ್ಲು ನೆಟ್ಟಗಿದ್ದಾಗ್ಲೂ ಒಳ್ಳೇದಲ್ಲ. ನಾನ್ ಕೂಗಿದ್ರೆ ಜನ ಅತ್ಕಂಡು ಈಚ್ಗೆ ಬರೋರು.”

ಆಮೇಲೆ ಹೇಳಿದ. ಊರೊಳಗೆ ದೊಡ್ಡ ಮನೆಗಳಲ್ಲಿ ಯಾರಾದರೂ ಸತ್ತರೆ, ನೆಂಟರ ಊರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲಿಗೆ ಬಂದ ಕೆಲಸ. ಕೇಳಿ ಬಂದದ್ದಲ್ಲ, ಹೊರಿಸಿದ್ದು. ಊರಿಗೆ ಫೋನು ಬರುವ ತನಕ ಅಪ್ಪನೇ ಹೋಗುತ್ತಿದ್ದ. ಅಷ್ಟು ನನಗೂ ಗೊತ್ತಿತ್ತು. ಹೇಗೆ ಹೋಗುತ್ತಿದ್ದ ಅನ್ನುವುದು ಗೊತ್ತಿರಲಿಲ್ಲ.

“ಬಿಕ್ಕೋಡು, ಅರೇಹಳ್ಳಿ, ಎಲ್ಲಾ ನಡ್ದೇ ಓಯ್ತಿದ್ದೆ. ಅಂಗಳ ತುಳಿಯಂಗಿಲ್ಲ. ಬೇಲಿ ತಾವ ನಿಂತ್ಕಂಡು ‘ಬುದ್ಧೀ...’ ಅಂತ ಒಂದ್ ಕೂಗು. ಯಾರ್ ಓದ್ರು ಅಂತ ಹೇಳೋಗಂಟ ಎಲ್ಲಿ ಬುಡ್ತಿದ್ರು? ಕೂಗಿದ್ ದನಿಗೇ ಗೊತ್ತಾಗೋದು. ಹೆಂಗಸ್ರು ಎದೆ ಬಡ್ಕಂಡು ಬರೋರು. ಮಕ್ಳು ನನ್ ಕಂಡ್ರೆ ಒಳೀಕ್ ಓಡೋವು.”

ಫೋನ್ ಆಫ್ ಆಗಿತ್ತು. ನಾನೇ ಮಾಡಿದ್ದೆ. ಕೇಳದೆ ಹಿಡಿಯಬಾರದು.

ನವೆಂಬರ್ 10

ಒಂದು ವಿಷಯ ಬೆಳಿಗ್ಗೆಯಿಂದ ತಲೆ ತಿನ್ನುತ್ತಿದೆ.

ಚಿಕ್ಕವರಿದ್ದಾಗ ಹೊತ್ತು ಮುಳುಗಿದರೆ ಕೇರಿಯ ಎಲ್ಲ ಅಪ್ಪಂದಿರೂ ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದರು. ನಮ್ಮಪ್ಪ ಕೂಗುತ್ತಿರಲಿಲ್ಲ. ಆಟದ ಬಯಲಿಗೇ ಬಂದು ತಲೆ ಮೇಲೆ ಕೈ ಇಡುತ್ತಿದ್ದ. “ನಿಮ್ಮಪ್ಪ ಮೂಗನೇನೇ?” ಅಂತ ಹುಡುಗರು ರೇಗಿಸುತ್ತಿದ್ದರು. ನನಗೂ ತಂಗಿ ಹೇಮಾಗೂ ಒಳಗೊಳಗೇ ಜಂಬ, ನಮ್ಮಪ್ಪ ಗದರಿಸುವುದಿಲ್ಲ ಅಂತ.

ಇವತ್ತು ಕೇಳಿಯೇಬಿಟ್ಟೆ. ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ.

“ನಮ್ಮನ್ನ ಒಂದಿನಾನೂ ಯಾಕಪ್ಪ ಹೆಸರಿಡಿದು ಕೂಗಲಿಲ್ಲ?”

ಕೈ ನಿಂತಿತು. “ಆ ದನೀಲಿ ನಿಮ್ ಹೆಸ್ರು ಕೂಗೋದಾ? ಬುಡ್ತು ಅನ್ನು.”

ಬಿಡ್ತು ಅಂದೆ. ಅಂದು ಹಿತ್ತಿಲಿಗೆ ಹೋಗಿ ಅತ್ತೆ.

ನವೆಂಬರ್ 12, ಬುಧವಾರ

ಬಾಯಿ ಸುಮ್ಮನಿರಬೇಕಲ್ಲ. ಪೇಪರಿನ ಸಂತೋಷ್‌ಗೆ ಹೇಳಿಬಿಟ್ಟೆ. ಹಾಸನ ಡೆಸ್ಕಿನವರು, ನಾನು ಕಳಿಸಿದ್ದನ್ನೆಲ್ಲ ಅವರೇ ನೋಡುವುದು. ಕೆಟ್ಟ ಮನುಷ್ಯ ಅಲ್ಲ. ಅಪ್ಪನನ್ನು ಆ ಡಾಕ್ಟರ ಹತ್ತಿರ ಕಳಿಸಿದ್ದೂ ಅವರೇ.

“ಪುಷ್ಪಲತಾ ಅವರೇ, ಎಂಥಾ ಸ್ಟೋರಿ ಕಣ್ರೀ! ಸಾವಿನ ಸುದ್ದಿ ಹೊತ್ತವನ ದನಿಯೇ ಹೋಗ್ತಿದೆ... ಫುಲ್ ಪೇಜ್ ಕೊಡ್ತೀನಿ. ಹೆಗಲಿಗೊಂದು ಕಂಬಳಿ ಹಾಕ್ಸಿ, ಕೈಗೆ ಕೋಲು ಕೊಟ್ಟು, ಬೇಲಿ ಪಕ್ಕ ನಿಲ್ಲಿಸಿ ಒಂದ್ ಫೋಟೋ. ಆಪರೇಷನ್‌ಗೆ ಮುಂಚೆ ಬಂದ್ಬಿಡ್ಲಿ.”

ಅಪ್ಪ ಎಂದೂ ಕೋಲು ಹಿಡಿದವನಲ್ಲ. ಆದರೂ ಫುಲ್ ಪೇಜ್ ಅಂದಾಗ ಆಸೆ ಆಯಿತು. ಸುಳ್ಳು ಯಾಕೆ ಬರೆಯಲಿ. ಕೂತು ಬರೆದೂ ಬಿಟ್ಟೆ. ಚೆನ್ನಾಗಿ ಬಂದಿದೆ, ಅದೇ ಕಷ್ಟ.

ನವೆಂಬರ್ 14, ಶುಕ್ರವಾರ

ಬರೆದದ್ದನ್ನು ಅವರವರಿಗೆ ಓದಿ ಹೇಳದೆ ಕಳಿಸುವುದಿಲ್ಲ. ಅಪ್ಪನಿಗೂ ಓದಿದೆ. ಕಣ್ಣು ಮುಚ್ಚಿ ಕೇಳಿದ.

“ಎಲ್ಲಾ ಸರಿಗೈತೆ. ಒಂದ್ ಬಿಟ್ಟಿದ್ದೀಯ” ಅಂದ. “ಒಂದ್ ದಪ ಅರೇಹಳ್ಳಿಗೆ ಯಾರ್ದೋ ಸುದ್ದಿ ಹೊತ್ಕಂಡ್ ಓಗಿದ್ದೆ. ತಿರ್ಗಿ ಬರೋ ಹೊತ್ಗೆ ನಮ್ಮಪ್ಪನ್ನ ಮಣ್ ಮಾಡಿ ಕೈ ತೊಳ್ಕಂಡ್ ಕೂತಿದ್ರು. ನಂಗ್ ಹೇಳಕ್ಕೆ ಯಾರ್ ಬತ್ತಾರೆ? ಹೇಳೋ ಕೆಲ್ಸದೋನು ನಾನೇ ತಾನೆ.”

ಒಳಗೆ ಹೇಮ ಬಿಕ್ಕುವುದು ಕೇಳಿಸಿತು. ಅವ್ವ ಇಲ್ಲದಿದ್ದರೂ ಚೊಚ್ಚಲ ಹೆರಿಗೆಗೆ ಅರಸೀಕೆರೆಯಿಂದ ತವರಿಗೇ ಬಂದಿದ್ದಾಳೆ. ದಿನ ತುಂಬಿದೆ, ಇದನ್ನೆಲ್ಲ ಅವಳ ಕಿವಿಗೆ ಹಾಕಬಾರದಿತ್ತು.

“ಪೇಪರ್‌ಗೆ ಬ್ಯಾಡ ಮಗಾ. ಹಾಕಿದ್ರೆ ಉಳ್ಯೋದು ಅದೊಂದೇ. ಗಿಡ್ಡಪ್ಪ ಯಾರು ಅಂದ್ರೆ, ಸಾವಿನ್ ಸುದ್ದಿಯೋನು. ನಾನ್ ಗುದ್ಲಿ ಹಿಡ್ದಿಲ್ವಾ? ನಿಮ್ಮವ್ವುನ್ನ ಮದ್ವೆ ಆಗಿಲ್ವಾ? ನಿಮ್ಮಿಬ್ರುನ್ನ ಓದ್ಸಿಲ್ವಾ?”

ಸಂತೋಷ್‌ಗೆ ಫೋನ್ ಮಾಡಿ ಇಲ್ಲ ಅಂದೆ. “ನಿಮ್ಮ ತಂದೆ ಅಂತ ಸೆಂಟಿಮೆಂಟ್ ಮಾಡ್ಕೋತಿದ್ದೀರ” ಅಂದರು. ಹೌದು ಸಾರ್, ಮಾಡ್ಕೋತಿದ್ದೀನಿ.

ರೆಕಾರ್ಡಿಂಗ್ ಆಸೆಯನ್ನೂ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಅಂತ ಬರೆಯುತ್ತಿದ್ದೇನೆ, ಅಷ್ಟೇ.

ನವೆಂಬರ್ 22, ಶನಿವಾರ — ಸಂಜೆ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಬೇಲೂರು ಆಸ್ಪತ್ರೆಯಲ್ಲಿ ಹೇಮಾಗೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಅವಳ ಗಂಡ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಲೋಡು ಬಿಟ್ಟು ಓಡಿ ಬಂದ, ತಲೆ ತುಂಬ ನಾರು. ಅಪ್ಪ ಮಗುವನ್ನು ಮುಟ್ಟಲಿಲ್ಲ, ಕೈ ಒರಟು ಅಂತ. ಬರೀ ನೋಡಿದ.

“ಭಾನುವಾರ ಬುಲೆಟಿನ್‌ಗೆ ಹಾಕ್ತೀನಿ ಕಣೇ, ನೀನೇ ಹೇಳು” ಅಂದೆ.

ಮಲಗಿದಲ್ಲೇ ಹೇಮ ನಕ್ಕಳು. “ಯಾರ ಸುದ್ದಿಯೋ ಅವರದೇ ಬಾಯಿ ಅಲ್ವೇನಕ್ಕ? ಹಂಗಾದ್ರೆ ಮಗೂನೇ ಹೇಳ್ಬೇಕು. ಅದಕ್ಕಿನ್ನೂ ಮಾತು ಬರಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, ನಗು ಬಿಟ್ಟು ಹೇಳಿದಳು, “ಅಪ್ಪ, ಅಷ್ಟು ವರ್ಷ ಯಾರ್ಯಾರದ್ದೋ ಹೊತ್ತೆ. ನಮ್ಮನೇದು ಒಂದು ಹೊತ್ಕಂಡ್ ಹೋಗಪ್ಪ.”

ಊರಿಗೆ ಬಸ್ಸಿಳಿದು ಬರುವಾಗ ಅಪ್ಪ ನನಗಿಂತ ಮುಂದೆ ಮುಂದೆ ನಡೆದ. ಕೇರಿಯ ತಲೆಯಲ್ಲಿ, ನಲ್ಲಿ ಹತ್ತಿರ ನಿಂತುಬಿಟ್ಟ. ಉಸಿರು ಕಟ್ಟಿತೇನೋ ಅಂದುಕೊಂಡೆ.

“ಚಿಕ್ಕಮ್ಮಾ...”

ಆ ದನಿಯನ್ನು ನಾನು ಈವರೆಗೆ ಕೇಳಿರಲಿಲ್ಲ. ಒಡೆದಿತ್ತು, ಬಿರುಕು ಬಿಟ್ಟಿತ್ತು, ಆದರೂ ಕೊನೇ ಮನೆ ತನಕ ಹೋಯಿತು. ಕೋಳಿಗಳು ಚೆದುರಿದವು.

ಎದುರು ಮನೆಯ ಚಿಕ್ಕಮ್ಮ — ಹೆಸರು ಚಿಕ್ಕಮ್ಮ, ಕೇರಿಗೆಲ್ಲ ಅಜ್ಜಿ — ಹಳೇ ಕಾಲದವಳು. ಅವಳಿಗೆ ಆ ಕೂಗು ಗೊತ್ತು. ರಾಗಿ ಹಿಟ್ಟಿನ ಕೈಯಲ್ಲೇ ಎದೆ ಬಡಿದುಕೊಂಡು ಬಂದಳು. “ಅಯ್ಯೋ ನನ್ನಪ್ಪಾ, ಯಾರ್ ಓದ್ರೋ? ಹೇಮ್ನೇನೋ? ಕೂಸೇನೋ?”

“ಯಾರೂ ಓಗಿಲ್ಲ ಕಣವ್ವೋ... ಬಂದವ್ಳೆ! ನಮ್ ಮನೆಗ್ ಬಂದವ್ಳೆ!”

ಚಿಕ್ಕಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಪ್ಪನ ಬೆನ್ನಿಗೆ ದಬದಬ ಗುದ್ದಿದಳು, ಅಳುತ್ತ, ನಗುತ್ತ. “ಹಾಳಾದೋನೇ, ಪ್ರಾಣ ತಗ್ದಿದ್ಯಲ್ಲೋ!” ಅಪ್ಪನ ಅಂಗಿ ತುಂಬ ಹಿಟ್ಟು.

ಅಪ್ಪ ನಿಲ್ಲಿಸಲಿಲ್ಲ. ಒಂದೊಂದು ಮನೆ ಮುಂದೆಯೂ ನಿಂತು ಹೆಸರು ಹಿಡಿದು ಕೂಗಿದ. ಬೇಲಿ ಹತ್ತಿರ ಅಲ್ಲ, ಬಾಗಿಲ ಹತ್ತಿರವೇ. ಕೊನೇ ಮನೆಗೆ ಬೀಗ ಹಾಕಿತ್ತು, ಕೆಲಸಕ್ಕೆ ಹೋಗಿದ್ದರು. ಬೀಗಕ್ಕೂ ಕೂಗಿ ಹೇಳಿದ.

ನನ್ನ ಕೈ ಅದಾಗಿಯೇ ಫೋನ್ ಒತ್ತಿತ್ತು. ಎಲ್ಲ ಇದೆ. ಹುಂಜವೂ ಇದೆ. ಇನ್ನೂ ಕೇಳಿಲ್ಲ, ಧೈರ್ಯ ಇಲ್ಲ.

ನವೆಂಬರ್ 23, ಭಾನುವಾರ

“ಹಾಕ್ಲೇನಪ್ಪ?”

“ಹಾಕ್ಕೋ. ಅವೆಲ್ಲಾ ಅವ್ರ ಮನೆ ಸುದ್ದಿ. ಇದು ನಮ್ದು.”

ಕತ್ತರಿಸದೆ ಹಾಗೇ ಹಾಕಿದೆ. ‘ನಮಸ್ಕಾರ’ ಕೂಡ ಹೇಳಲಿಲ್ಲ.

ನವೆಂಬರ್ 27, ಗುರುವಾರ

ಫೋನ್ ತುಂಬಿ ಹೋಗಿದೆ. ಒಂದೊಂದು ಊರಿನ ಮುದುಕರೂ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾರೆ — ಮಾತಲ್ಲ, ಕೂಗು. ‘ನಾನೂ ಹೊತ್ತಿದ್ದೆ’ ಅಂತ ಶುರು, ಆಮೇಲೆ ತಮ್ಮ ಮನೆಯ ಒಳ್ಳೆ ಸುದ್ದಿ. ಮೊಮ್ಮಗಳು ನರ್ಸ್ ಆದಳು. ಮನೆಗೆ ಹೆಂಚು ಹೊದಿಸಿದೆವು. ಒಬ್ಬನಿಗೆ ಬೇರೆ ಏನೂ ಹೊಳೆಯದೆ ‘ಇವತ್ತು ಮೀನ್ ಸಾರೋ...’ ಅಂತ ಕೂಗಿದ್ದಾನೆ.

ಬಿಕ್ಕೋಡಿನಿಂದ ಒಬ್ಬ, ತನ್ನ ಹೆಸರು ಹೇಳಿ: “ಏನ್ಲಾ ಗಿಡ್ಡಾ, ಬದ್ಕಿದ್ದೀಯೇನ್ಲಾ? ನಮ್ ಹಸ ಕರ ಹಾಕೈತೆ! ಎಲ್ಲಾ ಕೇಳ್ಕಳ್ರಪ್ಪೋ...”

ಅಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ. “ಇವುನ್ನ ಕಂಡಿವ್ನಿ. ದಾರೀಲ್ ಸಿಕ್ಕೋನು, ಒಬ್ರುದ್ ಹೆಸ್ರು ಒಬ್ರಿಗ್ ಗೊತ್ತು, ಅಷ್ಟೇಯ. ಅವ್ನ್ ಈ ಕಡಿಕ್ ಹೊತ್ಕಂಡ್ ಬರೋನು, ನಾನ್ ಆ ಕಡಿಕ್ ಹೊತ್ಕಂಡ್ ಓಗೋನು. ಸುದ್ದಿ ಹೊತ್ತೋರು ನಿಂತ್ ಮಾತಾಡಂಗಿಲ್ಲ. ಒಂದ್ ದಪಾನೂ ಮಾತಾಡ್ಲಿಲ್ಲ.” ಆಮೇಲೆ ಅಂದ, “ಕರ ಹೆಣ್ಣಾ ಗಂಡಾ ಕೇಳವ್ವ.”

ಸಂತೋಷ್ ಫೋನ್ ಮಾಡಿದ್ದರು. ಊರಲ್ಲಿರುವ ಅವರಮ್ಮನಿಗೂ ಕೇಳಿಸಿದರಂತೆ. “ಈಗಲಾದ್ರೂ ಬರೀಬಹುದಾ, ಕೇಳಿ ನೋಡಿ” ಅಂದರು. ಕೇಳಿದೆ.

“ಹಸ ಕರ ಹಾಕಿದ್ ಬರ್ಕಳ್ಳಿ, ಬೇಕಾರೆ” ಅಂದ ಅಪ್ಪ.

ಕರು ಹೆಣ್ಣಂತೆ.

ಡಿಸೆಂಬರ್ 2, ಮಂಗಳವಾರ — ಬೆಳಿಗ್ಗೆ

ಇವತ್ತು ಅಡ್ಮಿಟ್. ಬ್ಯಾಗ್ ರೆಡಿ. ಅಪ್ಪ ಬೇಗ ಎದ್ದು ಸ್ನಾನ ಮಾಡಿ ಗಂಜಿ ಕುಡಿದ. ಹೇಮ ಮಗುವನ್ನು ಒತ್ತಾಯದಿಂದ ಅವನ ಮಡಿಲಿಗೆ ಹಾಕಿದಳು. ಅದರ ಕಿವಿಯಲ್ಲಿ ತುಂಬಾ ಹೊತ್ತು ಏನೋ ಹೇಳಿದ. ಏನಂತ ಕೇಳಲಿಲ್ಲ. ರೆಕಾರ್ಡೂ ಮಾಡಲಿಲ್ಲ. ಅದು ಆ ಮಗುವಿನದು.

ಭಯ ಆಗುತ್ತಿದೆ. ಡಾಕ್ಟರು ಬೇಡ ಅಂದರೂ ಆಗುತ್ತಿದೆ. ನಾಳೆ ಇಷ್ಟು ಹೊತ್ತಿಗೆ...

ಬಸ್ ತಪ್ಪಿಸಿಕೊಳ್ಳಬಾರದು ಅಂತ ಅಪ್ಪ ಆಗಲೇ ರಸ್ತೆಗೆ ಹೋಗಿ ನಿಂತಿದ್ದಾನೆ. ನಾನು ಬೀಗದ ಕೈ ಹುಡುಕುವ ನೆಪದಲ್ಲಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಮ, ಮಗು ಇರುವಾಗ ಬೀಗ ಯಾಕೋ, ಗೊತ್ತಿಲ್ಲ.

ಹೊರಗೆ ಯಾರೋ ಕೂಗಿದರು.

ಯಾರೋ ಅಲ್ಲ.

“ಪುಷ್ಪಾ...”

ಬಸ್ ಬಂತು ಅನಿಸುತ್ತೆ. ನನ್ನ ಹೆಸರು. ಇಷ್ಟು ವರ್ಷಕ್ಕೆ ಮೊದಲ ಸಲ, ರಸ್ತೆಯಿಂದ, ಎಲ್ಲ ಅಪ್ಪಂದಿರ ಹಾಗೆ. ಹೇಮ ಒಳಗಿನಿಂದ “ಅಕ್ಕಾ, ಅಪ್ಪ ಕರೀತೈತೆ” ಅನ್ನುತ್ತಿದ್ದಾಳೆ. ಕೇಳಿಸಿತು ಕಣೇ. ಕೇಳಿಸಿತು. ಈಗಲೇ ಓ ಅನ್ನುವುದಿಲ್ಲ. ಇನ್ನೊಂದು ಸಲ ಕೂಗಲಿ. ಇನ್ನೊಂದೇ